ನೆತ್ತಿಯ ಮೇಲಿನ ನಕ್ಷತ್ರ

ನನಗೆ ‘ನಡೆಯುತ್ತೆ ಬಿಡಿ’ ಎಂಬ ಮಾತನ್ನು ಕಂಡರಾಗದು. ಯಾರಾದರೂ ಮುಖದ ಮೇಲೆ ಬೈದರೂ ಸಹಿಸಿಕೊಂಡೇನು, ಈ ಮಾತು ಕಿವಿಗೆ ಬಿದ್ದರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಬಾಗಿಲು ಚೌಕಟ್ಟಿನಲ್ಲಿ ಸರಿಯಾಗಿ ಕೂರುತ್ತಿಲ್ಲವಲ್ಲಪ್ಪಾ ಎಂದರೆ ಬಡಗಿ, “ನಡೆಯುತ್ತೆ ಬಿಡಿ ಸಾರ್, ಮಳೆಗಾಲಕ್ಕೆ ಸರಿಹೋಗುತ್ತೆ” ಎನ್ನುತ್ತಾನೆ. ಮಳೆಗಾಲದಲ್ಲಿ ಬಾಗಿಲು ಉಬ್ಬಿ, ತೆಗೆಯುವುದಕ್ಕೇ ಬಾರದೆ, ಕಿಟಕಿಯಿಂದ ಅವನನ್ನು ಕೂಗಿ ಕರೆದರೆ, “ನಡೆಯುತ್ತೆ ಬಿಡಿ ಸಾರ್, ಬೇಸಿಗೆಗೆ ಸರಿಹೋಗುತ್ತೆ” ಎನ್ನುತ್ತಾನೆ. ಅಂಗಿಯ ಒಂದು ತೋಳು ಉದ್ದವಾಗಿದೆ ಎಂದರೆ ದರ್ಜಿ ನನ್ನ ಕೈಯನ್ನೇ ಅನುಮಾನದಿಂದ ನೋಡುತ್ತಾನೆ. ಈ ದೇಶದಲ್ಲಿ ಸೋರುವ ನಲ್ಲಿ, ಕಾಲು ಕುಂಟುವ ಮೇಜು, ನಡುರಸ್ತೆಯ ಗುಂಡಿ, ಇವೆಲ್ಲವೂ ಈ ಎರಡು ಪದಗಳ ಮಕ್ಕಳು ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ಅಭಿಪ್ರಾಯ ಎಂದದ್ದು ವಿನಯಕ್ಕೆ. ನನಗೆ ಇದರಲ್ಲಿ ಸಂಶಯವೇ ಇಲ್ಲ.

ಸಂಶಯ ಇಲ್ಲದಿರುವುದೇ ನನ್ನ ವೃತ್ತಿಯಾಗಿತ್ತು. ದೊಡ್ಡನೆಕ್ಕುಂದಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಟರ್. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ. ಯಂತ್ರದ ಬಿಡಿಭಾಗಗಳನ್ನು ಅಳೆದು ನೋಡಿ ಸರಿ ಇದ್ದರೆ ನನ್ನ ಮುದ್ರೆ ಒತ್ತುವುದು, ಕೂದಲೆಳೆ ವ್ಯತ್ಯಾಸವಿದ್ದರೂ ಕೆಂಪು ಬಣ್ಣ ಬಳಿದು ಆಚೆ ಹಾಕುವುದು, ಇಷ್ಟೇ ಕೆಲಸ. ಅದನ್ನು ಎಷ್ಟು ಶ್ರದ್ಧೆಯಿಂದ ಮಾಡಿದೆ ಎಂದರೆ, ಬೆನ್ನ ಹಿಂದೆ ನನಗೆ ‘ಕೆಂಪಣ್ಣ’ ಎಂದು ಹೆಸರಿಟ್ಟಿದ್ದರು. ನನ್ನ ನಿಜವಾದ ಹೆಸರು ಶ್ರೀಕಂಠಯ್ಯ ಎಂದು ತಮಗೆ ಗೊತ್ತಾದದ್ದು ಬೀಳ್ಕೊಡುಗೆಯ ದಿನ ಎಂದು ಒಬ್ಬಿಬ್ಬರು ನನಗೇ ಹೇಳಿದ್ದುಂಟು. ಬೇಜಾರಿಲ್ಲ. ಪೀಸು ಕೈಗೆ ಬಂದ ಕೂಡಲೇ ಅದರ ಹಣೆಬರಹ ನನಗೆ ಹೊಳೆಯುತ್ತಿತ್ತು. ಅಳತೆಗೋಲು ಹಿಡಿಯುತ್ತಿದ್ದದ್ದು ಇತರರ ಸಮಾಧಾನಕ್ಕೆ.

ಕಾರ್ಖಾನೆ ನನ್ನನ್ನು ನಿವೃತ್ತಿ ಮಾಡಿತು, ನನ್ನ ಕಣ್ಣನ್ನು ಮಾಡಲಿಲ್ಲ. ಮನೆಯಲ್ಲಿ ಸರೋಜ ಪೂರಿ ಲಟ್ಟಿಸಿದರೆ ಒಂದು ದುಂಡಗಿದೆ, ಇನ್ನೊಂದು ಶ್ರೀಲಂಕಾದ ನಕ್ಷೆಯ ಹಾಗಿದೆ ಎಂದು ನನ್ನ ಬಾಯಿ ಸುಮ್ಮನಿರದೆ ಹೇಳಿಬಿಡುತ್ತದೆ. “ಹೊಟ್ಟೆ ಒಳಗೆ ಯಾವ ಮಿಷನ್ನಿಗೆ ಫಿಟ್ ಮಾಡ್ಬೇಕ್ರೀ ಇದನ್ನ? ತಿಂದು ಏಳಿ” ಎನ್ನುತ್ತಾಳೆ ಅವಳು. ಮಗಳು ವಿದ್ಯಾಳಿಗೆ ಗಂಡು ನೋಡತೊಡಗಿದಾಗಲಂತೂ ನನ್ನ ಈ ಪ್ರತಿಭೆ ಉತ್ತುಂಗಕ್ಕೇರಿತು. ಒಬ್ಬ ತಾನು ಹೇಳುವ ಹಾಸ್ಯಕ್ಕೆ ತಾನೇ ಮೊದಲು ನಗುತ್ತಿದ್ದ, ರಿಜೆಕ್ಟ್. ಇನ್ನೊಬ್ಬ ಚಪ್ಪಲಿಯನ್ನು ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ ಬಿಟ್ಟು ಒಳಗೆ ಬಂದ. ಅವನು ಕುಳಿತುಕೊಳ್ಳುವ ಮೊದಲೇ ರಿಜೆಕ್ಟ್. ಮತ್ತೊಬ್ಬ ಎಲ್ಲದರಲ್ಲೂ ಚಿನ್ನದಂಥ ಹುಡುಗ. ಕಾಫಿಗೆ ಸಕ್ಕರೆ ಕಡಿಮೆಯಾಯಿತೇನಪ್ಪಾ ಎಂದು ಕೇಳಿದರೆ, “ನಡೆಯುತ್ತೆ ಬಿಡಿ ಅಂಕಲ್” ಎಂದುಬಿಟ್ಟ. ಆಮೇಲೆ ಸರೋಜ ನನ್ನ ಜೊತೆ ವಾರಗಟ್ಟಲೆ ನೆಟ್ಟಗೆ ಮಾತಾಡಲಿಲ್ಲ.

ಕೊನೆಗೆ ವಿದ್ಯಾಳೇ ಒಬ್ಬನನ್ನು ಆರಿಸಿಕೊಂಡು ಬಂದಳು. ಕಿರಣ್ ಎಂದು ಹೆಸರು, ಅವಳ ಆಫೀಸಿನಲ್ಲೇ ಕೆಲಸ. ಆ ಆಫೀಸು ಇರುವುದು, ನಮ್ಮ ಕಾರ್ಖಾನೆ ಮುಚ್ಚಿದ ಮೇಲೆ ಅದೇ ಜಾಗದಲ್ಲಿ ಎದ್ದ ಗಾಜಿನ ಕಟ್ಟಡದಲ್ಲಿ. ಇಬ್ಬರದೂ ಟೆಸ್ಟಿಂಗ್, ಎಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವ ಕೆಲಸ. ಹುಡುಗ ಮನೆಗೆ ಬಂದ, ಚಪ್ಪಲಿಯನ್ನು ಜೋಡಿಸಿ ಬಿಟ್ಟ, ಕುಳಿತ, ಗೋಡೆಯತ್ತ ನೋಡಿ, “ಅಂಕಲ್, ನಿಮ್ಮ ಗಡಿಯಾರ ಸ್ವಲ್ಪ ಮುಂದಿದೆ ಅನ್ಸುತ್ತೆ” ಎಂದ. ಈ ಮನೆಯಲ್ಲಿ ಅದನ್ನು ಗಮನಿಸಿದ ಇನ್ನೊಂದು ಜೀವ ಅದುವರೆಗೆ ಇರಲಿಲ್ಲ. ಅಲ್ಲೇ ಮುದ್ರೆ ಒತ್ತಿದೆ, ಮನಸ್ಸಿನಲ್ಲಿ.

ಹುಡುಗನ ಮನೆಯವರು ಕಾರ್ಖಾನೆಯಿದ್ದ ಆ ಊರಿನ ಮೂಲನಿವಾಸಿಗಳು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದವರು, ಈಗ ಪಿ.ಜಿ. ಕಟ್ಟಡಗಳನ್ನು ಬೆಳೆಯುತ್ತಿದ್ದಾರೆ. ತಂದೆ ಮುನಿರಾಜಪ್ಪ ದೊಡ್ಡ ಮೀಸೆಯ, ಅದಕ್ಕಿಂತ ದೊಡ್ಡ ನಗುವಿನ ಮನುಷ್ಯ. ಮಾತುಕತೆಗೆಂದು ಅವರ ಮನೆಗೆ ಹೋದೆವು. ಎಲೆ ತುಂಬ ಬಡಿಸಿದರು, ಹಿತಕಿದ ಅವರೆಬೇಳೆ ಸಾರು, ಮುದ್ದೆ. ಮುದ್ದೆ ಎಂಥ ದುಂಡಗಿತ್ತು ಎಂದರೆ ನಾನು ಸರೋಜಳ ಕಡೆ ತಿರುಗಿ ಕಣ್ಣಲ್ಲೇ ಏನೋ ಹೇಳಿದೆ. ಅವಳು ಕಣ್ಣಲ್ಲೇ ಅದಕ್ಕಿಂತ ಹೆಚ್ಚು ಹೇಳಿದಳು. ಹೊಟ್ಟೆ ತುಂಬಿದ ಮೇಲೆ ನನ್ನ ನಾಲಗೆ ಸಡಿಲವಾಯಿತು. ಕಾರ್ಖಾನೆಯ ಸಾಹಸಗಳನ್ನೆಲ್ಲ ಹೇಳಿ, ಕೊನೆಗೆ, “ಯಾವ ಲೋಹದ ತುಂಡು ಬೇಕಾದ್ರೂ ಕೈಗೆ ಕೊಡಿ, ಅದರ ಜಾತಕ ಹೇಳ್ತೀನಿ” ಎಂದೆ.

ಒಳಬಾಗಿಲಲ್ಲಿ ಕುಳಿತಿದ್ದ ಅಜ್ಜಿ ಏನೋ ಸನ್ನೆ ಮಾಡಿದರು, ಮುನಿರಾಜಪ್ಪನವರು ಎದ್ದು ದೇವರ ಮನೆಗೆ ಹೋದರು. ಬರುವಾಗ ಕೈಯಲ್ಲಿ ಹೊಸ ಟವೆಲ್ಲಿನಲ್ಲಿ ಸುತ್ತಿದ ಏನೋ ಒಂದು ಇತ್ತು. ಹಿಂದೆಯೇ ಅವರ ತಾಯಿ ಪಿಳ್ಳಮ್ಮಜ್ಜಿ ಗೋಡೆ ಹಿಡಿದುಕೊಂಡು ಬಂದು ನನ್ನ ಎದುರಿಗೇ ಕುರ್ಚಿ ಎಳೆಸಿಕೊಂಡು ಕುಳಿತರು. “ಇದೇನು ಅಂತ ಏಳಿ ಬೀಗ್ರೇ” ಎಂದು ಮುನಿರಾಜಪ್ಪನವರು ಟವೆಲ್ ಬಿಚ್ಚಿದರು. “ನಮ್ಮಪ್ಪನ ಒಲ ತಗೊಂಡು ಪ್ಯಾಕ್ಟ್ರಿ ಕಟ್ಟುದ್ರಲ್ಲ, ಅದು ಶುರುವಾದ ದಿನ ದೊಡ್ಡ ಸಾಯೇಬ್ರು ನಮ್ಮಪ್ಪನ್ನ ಸ್ಟೇಜ್ ಮ್ಯಾಕೆ ಕರ್ದು ಇದನ್ನ ಕೈಗೆ ಕೊಟ್ರಂತೆ. ನಮ್ಮಪ್ಪ ಸಾಯೋಗಂಟ ಒಂದೇ ಮಾತು, ‘ಲೋ, ನಮ್ಮ ಒಲ್ದಾಗೆ ಬೆಳೆದ ಮೊದಲ್ನೇ ಕಬ್ಬಿಣದ ಫಸಲು ಇದು’ ಅಂತ. ಆಯುಧಪೂಜೇಲಿ ಟ್ರ್ಯಾಕ್ಟ್ರಿಗೂ ಮೊದಲು ಇದಕ್ಕೇ ಕುಂಕುಮ. ಆದ್ರೆ ಇದು ಏನು, ಎಲ್ಲಿ ಕೂರೋದು, ಇದರ ಮ್ಯಾಲೆ ಏನ್ ಬರ್ದವ್ರೆ, ಒಬ್ರೂ ಏಳಿಲ್ಲ. ನೀವು ಅದೇ ಪ್ಯಾಕ್ಟ್ರಿಯೋರು. ನೀವು ಏಳ್ಬೇಕು.”

ನಾನು ಕೈಗೆತ್ತಿಕೊಂಡೆ. ಕಬ್ಬಿಣವಲ್ಲ, ಗನ್‌ಮೆಟಲ್, ಎಂದರೆ ಹಿತ್ತಾಳೆಯ ಗಟ್ಟಿಮುಟ್ಟಾದ ಅಣ್ಣ. ಅಷ್ಟು ಮಾತ್ರ ಹೊಳೆಯಿತು. ಕೆಳಗೆ ದುಂಡು, ನಡು ಸಣ್ಣ, ಮೇಲೆ ಚಪ್ಪಟೆ ನೆತ್ತಿ, ಪಕ್ಕದಲ್ಲಿ ತೂತುಗಳು. ಉಳಿದದ್ದೆಲ್ಲ ವರ್ಷಾನುಗಟ್ಟಲೆಯ ಕುಂಕುಮ, ಗಂಧ, ಎಣ್ಣೆ ಸೇರಿ ಗಟ್ಟಿಯಾದ ಕೆಂಪು ಪದರ. ನನ್ನ ಜೀವಮಾನದಲ್ಲಿ ಅಂಥದ್ದನ್ನು ನೋಡಿರಲಿಲ್ಲ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಪಿಳ್ಳಮ್ಮಜ್ಜಿಯಂತೂ ರೆಪ್ಪೆ ಮುಚ್ಚಲಿಲ್ಲ. ಇನ್ನೊಬ್ಬನಾಗಿದ್ದರೆ ಗೊತ್ತಿಲ್ಲ ಎಂದುಬಿಡುತ್ತಿದ್ದ. ನಾನು ಗಂಭೀರವಾಗಿ ತಲೆಯಾಡಿಸಿ, “ಗೊತ್ತಾಯ್ತು. ಆದ್ರೆ ಇದನ್ನ ಹೀಗೆಲ್ಲ ಬಾಯಿಮಾತಲ್ಲಿ ಹೇಳಿ ಮುಗಿಸಬಾರದು. ತೊಳೆದು, ಅಳತೆ ತಗೊಂಡು, ನಿಶ್ಚಿತಾರ್ಥದ ದಿನ ಎಲ್ಲರ ಮುಂದೆ ಹೇಳ್ತೀನಿ” ಎಂದೆ. ಮುನಿರಾಜಪ್ಪನವರು ಸಂತೋಷದಿಂದ ನನ್ನ ಎರಡೂ ಕೈ ಹಿಡಿದುಕೊಂಡರು. ಆಟೋದಲ್ಲಿ ಸರೋಜ, “ನಿಜವಾಗ್ಲೂ ಗೊತ್ತಾ?” ಎಂದಳು. “ಗೊತ್ತಾಗುತ್ತೆ” ಎಂದೆ. “ಅಯ್ಯೋ ನನ್ನ ಕರ್ಮವೇ” ಎಂದು ಅವಳು ಹೊರಗೆ ನೋಡತೊಡಗಿದಳು.

ಮರುದಿನ ಬೆಳಗ್ಗೆ ಅಡುಗೆಮನೆಯ ಹುಣಸೆಹಣ್ಣಿನ ಡಬ್ಬಕ್ಕೆ ಕೈ ಹಾಕಿದೆ. ಹಿತ್ತಾಳೆ ಜಾತಿಯದನ್ನು ತೊಳೆಯಲು ಹುಣಸೆಹಣ್ಣಿಗಿಂತ ಉತ್ತಮವಾದದ್ದು ವಿಜ್ಞಾನಕ್ಕೆ ಇನ್ನೂ ಸಿಕ್ಕಿಲ್ಲ. ಸಿಂಕಿನಲ್ಲಿ ಕೆಂಪು ನೀರು ಹರಿದದ್ದು ನೋಡಿ ಸರೋಜ, ಕೈ ಕೊಯ್ದುಕೊಂಡೆನೆಂದು ಓಡಿ ಬಂದಳು. ಕೈ ನೆಟ್ಟಗಿದೆ, ಡಬ್ಬ ಮಾತ್ರ ಖಾಲಿ ಎಂದು ತಿಳಿದ ಮೇಲೆ, ಕೈ ಕೊಯ್ದುಕೊಂಡಿದ್ದರೇ ವಾಸಿಯಿತ್ತು ಎಂಬ ಮುಖ ಮಾಡಿದಳು. ಮುಂದಿನ ಮೂರು ದಿನ ಮನೆಯಲ್ಲಿ ಸಾರಿಗೆ ಟೊಮೆಟೊ ಮಾತ್ರ. ಆದರೆ ಪೀಸು ಏನು ಹೊಳೆಯಿತು ಅಂತೀರಿ! ಗುರುತುಗಳೂ ಎದ್ದು ಬಂದವು. ಹೊಟ್ಟೆಯ ಮೇಲೆ ಯಾವುದೋ ಪರದೇಶದ ಅಕ್ಷರಗಳ ಒಂದು ಸಾಲು. ಅದರ ಕೆಳಗೆ ಒಂದು ತ್ರಿಕೋನ, ತ್ರಿಕೋನದೊಳಗೆ ಒಂದು ಚುಕ್ಕಿ. ಇನ್ನು ನೆತ್ತಿಯ ಮೇಲೆ, ಕನ್ನಡಿಯಷ್ಟು ನುಣುಪಾದ ಆ ಚಪ್ಪಟೆ ಜಾಗದ ನಟ್ಟನಡುವೆ, ಆರು ಎಸಳಿನ ಒಂದು ನಕ್ಷತ್ರ. ಪಂಚು, ಎಂದರೆ ಉಕ್ಕಿನ ಅಚ್ಚು, ಇಟ್ಟು ಬಲವಾಗಿ ಹೊಡೆದು ಮೂಡಿಸಿದ್ದು. ಬೆರಳಾಡಿಸಿದರೆ ತಗ್ಗು ಗೊತ್ತಾಗುತ್ತಿತ್ತು.

ಇವುಗಳಲ್ಲಿ ಒಂದೂ ನನಗೆ ಪರಿಚಯವಿರಲಿಲ್ಲ. ನಾನು ಸೇರುವ ಎಷ್ಟೋ ಮೊದಲು, ಪರದೇಶದ ಎಂಜಿನಿಯರುಗಳು ಕಾರ್ಖಾನೆ ಕಟ್ಟಿಕೊಟ್ಟಿದ್ದ ಕಾಲದ ಗುರುತುಗಳು ಎನ್ನುವುದು ಸ್ಪಷ್ಟ. ಫೋಟೋ ತೆಗೆದು ನಮ್ಮ ನಿವೃತ್ತರ ವಾಟ್ಸಾಪ್ ಗುಂಪಿಗೆ ಹಾಕಿದೆ. ಒಬ್ಬ ಗೋಪುರದ ಕಳಸ ಎಂದ. ಇನ್ನೊಬ್ಬ ಹುಕ್ಕಾದ ತಳ ಎಂದ. ಒಬ್ಬ ಕೈ ಮುಗಿಯುವ ಚಿತ್ರ ಹಾಕಿದ. ಅವನು ಸಾವಿನ ಸುದ್ದಿಗೂ ಹುಟ್ಟುಹಬ್ಬಕ್ಕೂ ಅದನ್ನೇ ಹಾಕುವವನು. ವಿದ್ಯಾ ತನ್ನ ಫೋನಿನಲ್ಲಿ ಚಿತ್ರ ಹುಡುಕುವ ಏನೋ ಒಂದು ಮಾಡಿದಳು. ಅದು ಇದನ್ನು ಹೂದಾನಿ ಎಂದು ತೀರ್ಮಾನಿಸಿ, ಅಂದಿನಿಂದ ಅವಳಿಗೆ ದಿನಾ ಹೂದಾನಿಗಳ ಜಾಹೀರಾತು ಕಳಿಸತೊಡಗಿತು. ಹೀಗಿರುವಾಗ ಪರರನ್ನು ನಂಬಿ ಪ್ರಯೋಜನವಿಲ್ಲ ಎಂದು ನನ್ನ ಬುದ್ಧಿಯನ್ನೇ ನಂಬಿದೆ. ದೊಡ್ಡ ಸಾಹೇಬರು ವೇದಿಕೆಯ ಮೇಲೆ ಕೊಟ್ಟದ್ದು. ಹೊಲ ಕೊಟ್ಟವನಿಗೆ ಕೊಟ್ಟದ್ದು. ನೆತ್ತಿಯ ಮೇಲೆ ನಕ್ಷತ್ರ ಬೇರೆ. ಶಾಲೆಯ ಪುಸ್ತಕದಿಂದ ಹಿಡಿದು ಹೋಟೆಲಿನ ಬೋರ್ಡಿನವರೆಗೆ ನಕ್ಷತ್ರಕ್ಕೆ ಒಂದೇ ಅರ್ಥ. ಇದು ಅತ್ಯುತ್ತಮ ಪೀಸು, ಆ ಕಾರ್ಖಾನೆಯ ಮೊಟ್ಟಮೊದಲ ಚಿನ್ನದ ಪದಕ!

ನಿಶ್ಚಿತಾರ್ಥದವರೆಗೆ ಕಾಯುತ್ತೇನೆ ಎಂದಿದ್ದೆನಲ್ಲ, ಕಾಯಲಾಗಲಿಲ್ಲ. ಮುನಿರಾಜಪ್ಪನವರಿಗೆ ಫೋನು ಮಾಡಿ, “ಬೀಗ್ರೇ, ಇದರ ನೆತ್ತಿ ಮೇಲೆ ನಕ್ಷತ್ರ ಇದೆ. ಸಾವಿರದಲ್ಲಿ ಒಂದಕ್ಕೆ ಬೀಳೋ ಮುದ್ರೆ ಅದು” ಎಂದುಬಿಟ್ಟೆ. ಅವರು, “ನಮ್ಮಪ್ಪ ಇದ್ದಿದ್ರೆ...” ಎಂದು ಮಾತು ಅರ್ಧಕ್ಕೇ ಬಿಟ್ಟು ಫೋನು ಇಟ್ಟರು. ಅಂದೇ ಸಂಜೆ ವಿದ್ಯಾ ಬಂದು ಹೇಳಿದಳು, “ಅಪ್ಪಾ, ಮಾವ ಅದಕ್ಕೆ ಗಾಜಿನ ಪೆಟ್ಟಿಗೆ ಮಾಡಿಸ್ತಿದಾರಂತೆ. ಒಳಗೆ ಲೈಟಂತೆ. ಸ್ಟೇಜ್ ಮೇಲೆ ನಮ್ಮ ಪಕ್ಕ ಇಡ್ತಾರಂತೆ. ನೀವು ಮೈಕಲ್ಲಿ ಮಾತಾಡ್ಬೇಕಂತೆ.” ಮೈಕ್ ಎಂದ ಕೂಡಲೇ ನನ್ನ ಎದೆ ಇನ್ನೂ ಎರಡಂಗುಲ ಉಬ್ಬಿತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಮೈಕಿನಲ್ಲಿ ಮಾತಾಡುವುದೆಂದರೆ ನಕ್ಷತ್ರದ ಜೊತೆಗೆ ವಸ್ತುವಿನ ಹೆಸರೂ ಗೊತ್ತಿರಬೇಕಲ್ಲ? ನನ್ನ ಹಳೆಯ ಮೇಲಧಿಕಾರಿ ಮೂರ್ತಿ ಸಾರ್ ನೆನಪಾದರು. ಆ ಪರದೇಶದವರ ಕೈಕೆಳಗೇ ಕೆಲಸ ಕಲಿತವರು, ಈಗ ಮಾಕಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ನಿಶ್ಚಿತಾರ್ಥಕ್ಕೆ ಎರಡು ದಿನ ಇರುವಾಗ ಪೀಸನ್ನು ಕೈಚೀಲದಲ್ಲಿಟ್ಟುಕೊಂಡು ಮೆಟ್ರೋ ಹತ್ತಲು ಹೋದೆ. ತಪಾಸಣೆಯ ಯಂತ್ರದೊಳಗೆ ಚೀಲ ಹೋಗಿದ್ದೇ ತಡ, ಪರದೆ ನೋಡುತ್ತಿದ್ದ ಹೆಣ್ಣುಮಗಳು ನೆಟ್ಟಗೆ ಕುಳಿತಳು. “ಏನ್ ಸಾರ್ ಇದು?” ಎಂದಳು. ನೋಡಿ, ಲೋಕವೆಲ್ಲ ನನ್ನನ್ನು ಇದೊಂದೇ ಪ್ರಶ್ನೆ ಕೇಳುತ್ತಿತ್ತು. “ಬೀಗರ ಮನೆಯದು” ಎಂದೆ. ಅವಳಿಗೆ ಆ ಉತ್ತರ ಸಾಲಲಿಲ್ಲ. ಚೀಲ ಬಿಚ್ಚಿಸಿ, ಇಬ್ಬರನ್ನು ಕರೆಸಿ, ಕೊನೆಗೆ ಒಬ್ಬರು ದೊಡ್ಡ ಅಧಿಕಾರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ದೇವರದ್ದು ಅನ್ಸುತ್ತೆ, ಬಿಡ್ರಮ್ಮ” ಎಂದರು. ನಾನು ಒಪ್ಪಿಕೊಂಡು ಮುಂದೆ ನಡೆದೆ.

ಮೂರ್ತಿ ಸಾರ್ ಪೀಸನ್ನು ಕೈಗೆ ತೆಗೆದುಕೊಂಡರು. ಕನ್ನಡಕವನ್ನು ಹಣೆಗೆ ಏರಿಸಿದರು. “ಆಯಿಲ್ ಪಂಪಿನ ವಾಲ್ವ್ ಬಾಡಿ ಕಣಯ್ಯಾ ಇದು! ಯಾವ ಕಾಲದ್ದು! ಎಲ್ಲಿ ಸಿಕ್ತು?” ಎಂದು ಮಗುವಿನ ಹಾಗೆ ಸಂಭ್ರಮಪಟ್ಟರು. ನನಗೆ ಹಾಲು ಕುಡಿದಷ್ಟು ಸಂತೋಷ. ಕಥೆಯೆಲ್ಲ ಹೇಳಿ, “ನೋಡಿ ಸಾರ್, ನಕ್ಷತ್ರ” ಎಂದೆ. ಅವರು ನನ್ನ ಮುಖವನ್ನೇ ನೋಡಿದರು. “ಶ್ರೀಕಂಠಯ್ಯ, ಈ ವಾಲ್ವಲ್ಲಿ ಎಣ್ಣೆ ಸೋರದ ಹಾಗೆ ತಡೆಯೋ ಜಾಗ ಯಾವುದು?” ಎಂದರು, ತರಬೇತಿಗೆ ಬಂದ ಹುಡುಗನನ್ನು ಕೇಳುವ ಧಾಟಿಯಲ್ಲಿ. “ನೆತ್ತಿ ಸಾರ್. ಮೇಲಿನ ಪ್ಲೇಟು ಅಲ್ಲೇ ಕೂರಬೇಕು” ಎಂದೆ. “ಅಲ್ಲಿ ತಗ್ಗು ಬಿದ್ರೆ?” “ಸೋರುತ್ತೆ.” “ನಕ್ಷತ್ರ ಎಲ್ಲಿ ಹೊಡೆದಿದಾರೆ?”

ನಾನು ಪೀಸಿನ ನೆತ್ತಿಯ ಆ ತಗ್ಗಿನ ಮೇಲೆ ಬೆರಳಿಟ್ಟೆ. ಮೂರ್ತಿ ಸಾರ್ ನಿಧಾನವಾಗಿ ಹೇಳಿದರು. ಆ ಕಾಲದಲ್ಲಿ ಕೆಂಪು ಬಣ್ಣ ಬಳಿಯುವ ಪದ್ಧತಿ ಇರಲಿಲ್ಲ. ಪೀಸು ಕೆಟ್ಟಿದೆ ಎಂದು ಪಕ್ಕಕ್ಕಿಟ್ಟರೆ ನಮ್ಮವರು ‘ನಡೆಯುತ್ತೆ ಬಿಡಿ’ ಎಂದು ಅದನ್ನೇ ಎತ್ತಿ ಯಂತ್ರಕ್ಕೆ ಕೂರಿಸಿಬಿಡುತ್ತಿದ್ದರಂತೆ. ಪರದೇಶದವರು ತಲೆ ಚಚ್ಚಿಕೊಂಡು, ಕೊನೆಗೆ ಆರು ಎಸಳಿನ ಈ ಹೂವಿನ ಪಂಚು ಮಾಡಿಸಿ, ರಿಜೆಕ್ಟಾದ ಪೀಸಿನ ಅತಿ ನಾಜೂಕಾದ ಜಾಗಕ್ಕೇ ಹೊಡೆಯುತ್ತಿದ್ದರಂತೆ, ಯಾರೂ ಏನು ಮಾಡಿದರೂ ನಡೆಯದ ಹಾಗೆ. “ಒಳ್ಳೇ ಪೀಸುಗಳು ಮಿಷನ್ನಿಗೆ ಬೇಕಿತ್ತಲ್ಲ” ಎಂದರು ಸಾರ್, ಸ್ವಲ್ಪ ಸಂಕೋಚದಿಂದ. “ಹೊಲ ಕೊಟ್ಟವರಿಗೆ ಏನಾದ್ರೂ ನೆನಪಿಗೆ ಕೊಡಿ ಅಂದಾಗ ಉದ್ಘಾಟನೆಗೆ ಮೊದಲು ಟ್ರಯಲ್ಲಲ್ಲಿ ರಿಜೆಕ್ಟಾಗಿ ಬಿದ್ದಿದ್ದ ಗುಡ್ಡೆಯಿಂದ ಕೆಲವನ್ನ ಆರಿಸಿ ಪಾಲಿಶ್ ಮಾಡಿ ಕೊಟ್ರು. ಅವರಿಗೇನು ಗೊತ್ತಾಗುತ್ತೆ ಅಂತ.”

ವಾಪಸು ಬರುವಾಗ ದಾರಿಯುದ್ದಕ್ಕೂ ನನಗೆ ಸಿಟ್ಟು. ಯಾರ ಮೇಲೆ ಎಂದು ಹೇಳುವುದು? ಕೊಟ್ಟವರೂ ಇಲ್ಲ, ಪಡೆದವರೂ ಇಲ್ಲ, ಕಾರ್ಖಾನೆಯೂ ಇಲ್ಲ. ಒಬ್ಬ ಮನುಷ್ಯ ತಾನು ಉತ್ತು ಬಿತ್ತಿದ ಹೊಲವನ್ನು ಕೊಟ್ಟ, ಅವನ ಕೈಗೆ ಗುಡ್ಡೆಯಿಂದ ಆರಿಸಿದ್ದನ್ನು ಇಟ್ಟರು, ಅವನು ಅದನ್ನು ದೇವರ ಮನೆಯಲ್ಲಿಟ್ಟ. ಸಿಟ್ಟಿನ ಜೊತೆಗೆ ಭಯ. ಕೆಟ್ಟ ಪೀಸನ್ನು ಒಳ್ಳೆಯದು ಎಂದು ನಾನು ಎಂದೂ ಹೇಳಿದವನಲ್ಲ. ಒಮ್ಮೆ ಮಂತ್ರಿಗಳು ಬಂದು ಯಂತ್ರವನ್ನು ಉದ್ಘಾಟಿಸಲು ನಿಂತಿದ್ದಾಗಲೂ ಉಂಗುರದಷ್ಟರ ಒಂದು ಬುಶ್ಶಿಗೆ ಕೆಂಪು ಬಳಿದು ಸಮಾರಂಭವನ್ನೇ ನಿಲ್ಲಿಸಿದವನು. ಈಗ ಮೈಕ್ ಹಿಡಿದು ಏನು ಹೇಳುವುದು? ನಿಜ ಹೇಳಿದರೆ ಮುನಿರಾಜಪ್ಪನವರ ಮುಖ ಏನಾಗುತ್ತದೆ? ಆ ಅಜ್ಜಿಯ ಮುಖ? ಮಗಳು ನಾಳೆ ಹೋಗಿ ಬಾಳಬೇಕಾದ ಮನೆ ಅದು. ಸುಳ್ಳು ಹೇಳಿದರೆ ನನ್ನ ಮುದ್ರೆಗೆ ಏನು ಬೆಲೆ ಉಳಿಯಿತು?

ಸರೋಜಳಿಗೆ ಎಲ್ಲ ಹೇಳಿದೆ. ‘ನಾನು ಆಗಲೇ ಹೇಳಿದ್ದೆ’ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಹಾಗೆನ್ನಲಿಲ್ಲ. ಪೀಸನ್ನು ಕೈಗೆ ತೆಗೆದುಕೊಂಡು ನಕ್ಷತ್ರವನ್ನು ಹೆಬ್ಬೆರಳಿನಿಂದ ಸವರುತ್ತಾ ಕುಳಿತಳು. “ನಿಜ ಹೇಳೋದಾದ್ರೆ ಹೇಳಿ, ಬೇಡ ಅನ್ನಲ್ಲ. ನೀವು ಹುಟ್ಟಿರೋದೇ ಹಾಗೆ. ಆದ್ರೆ ಬಾಯಿ ಬಿಡೋಕ್ಮುಂಚೆ ಆ ಅಜ್ಜಿ ಮುಖ ಒಂದ್ಸಲ ನೋಡ್ಕೊಳಿ” ಎಂದಳು. ಆಮೇಲೆ ಎದ್ದು ಹೋಗಿ ಕುಂಕುಮದ ಬಟ್ಟಲು ತಂದು, ನಾನು ಹುಣಸೆಹಣ್ಣು ಹಾಕಿ ತೊಳೆದಿದ್ದ ಜಾಗಕ್ಕೆ ಒಂದು ಬೊಟ್ಟಿಟ್ಟಳು.

ನಿಶ್ಚಿತಾರ್ಥ ಬೀಗರದೇ ಪಾರ್ಟಿ ಹಾಲಿನಲ್ಲಿ. ಗಾಜಿನ ಪೆಟ್ಟಿಗೆ ನಾನು ಊಹಿಸಿದ್ದಕ್ಕಿಂತ ಭಯಂಕರವಾಗಿತ್ತು. ಒಳಗಿನ ದೀಪ ಒಮ್ಮೆ ಹಸಿರು, ಒಮ್ಮೆ ನೀಲಿ, ಒಮ್ಮೆ ಕೆಂಪು. ಕೆಂಪಾದಾಗಲೆಲ್ಲ ನನಗೆ ಬೆವರು ಕಿತ್ತುಬರುತ್ತಿತ್ತು. ಉಂಗುರ ಬದಲಾಯಿಸಿದರು, ಹಿರಿಯರ ಕಾಲಿಗೆ ಬಿದ್ದರು, ಮುನಿರಾಜಪ್ಪನವರು ಮೈಕನ್ನು ಊದಿ ನೋಡಿ, “ನಮ್ಮ ಬೀಗ್ರು ಈಗ ನಮ್ಮಪ್ಪನ ಬಗ್ಗೆ ಎಲ್ಡು ಮಾತು ಏಳ್ತಾರೆ” ಎಂದು ನನ್ನ ಕೈಗಿಟ್ಟರು. ಪೀಸಿನ ಬಗ್ಗೆ ಎನ್ನಲಿಲ್ಲ. ನಮ್ಮಪ್ಪನ ಬಗ್ಗೆ ಎಂದರು. ನಾನು ಪಿಳ್ಳಮ್ಮಜ್ಜಿಯ ಕಡೆ ನೋಡಿದೆ. ಮುಂದಿನ ಸಾಲಿನಲ್ಲಿ, ಹೊಸ ಸೀರೆಯಲ್ಲಿ, ಮೊದಲ ದಿನದ ಹಾಗೆಯೇ ರೆಪ್ಪೆ ಮುಚ್ಚದೆ ಕುಳಿತಿದ್ದರು.

“ಇದು ಒಂದು ವಾಲ್ವು” ಎಂದೆ. ನನ್ನ ಧ್ವನಿ ಹಾಲಿನ ಮೂಲೆಗೆ ಹೋಗಿ ತಿರುಗಿ ಬಂತು. “ಯಂತ್ರಕ್ಕೆ ಇದು ಹೃದಯ ಇದ್ದ ಹಾಗೆ. ಇದು ಬಡಿದರೆ ಎಣ್ಣೆ ಹರಿಯುತ್ತೆ, ಎಣ್ಣೆ ಹರಿದರೆ ಯಂತ್ರ ತಿರುಗುತ್ತೆ. ನಮ್ಮ ಕಾರ್ಖಾನೆಯಲ್ಲಿ ನಾವು ತಿಂದ ಅನ್ನವೆಲ್ಲ ಮುನಿರಾಜಪ್ಪನವರ ತಂದೆ ಕೊಟ್ಟ ಹೊಲದ್ದೇ. ನನ್ನ ಮಗಳು ಓದಿದ್ದೂ ಆ ಹೊಲದಿಂದಲೇ.” ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಇಲ್ಲಿಗೇ ನಿಲ್ಲಿಸಿ ಕೂತುಬಿಡಬಹುದಿತ್ತು. ಅಷ್ಟರಲ್ಲಿ ಮುನಿರಾಜಪ್ಪನವರು, “ನಕ್ಷತ್ರದ್ದು ಏಳಿ ಬೀಗ್ರೇ, ನಕ್ಷತ್ರ!” ಎಂದು ಕೂಗಿದರು. ಪೆಟ್ಟಿಗೆ ಕೆಂಪಾಯಿತು. “ನಕ್ಷತ್ರ ಅಂದರೆ” ಎಂದೆ. ಅಜ್ಜಿಯ ಮುಖವನ್ನು ಇನ್ನೊಮ್ಮೆ ನೋಡಿದೆ. “ನಕ್ಷತ್ರ ಅಂದರೆ ಫಸ್ಟ್ ಕ್ಲಾಸ್. ಪಾಸ್!”

ಚಪ್ಪಾಳೆಯೋ ಚಪ್ಪಾಳೆ. ಮುನಿರಾಜಪ್ಪನವರು ಮೀಸೆಯ ಮೇಲೆಲ್ಲ ಕಣ್ಣೀರು ಸುರಿಸುತ್ತಾ ನನ್ನನ್ನು ಅಪ್ಪಿಕೊಂಡರು. ಗಾಜಿನ ಪೆಟ್ಟಿಗೆಯ ಮುಂದೆ ಫೋಟೋ ತೆಗೆಸಿಕೊಳ್ಳಲು ಸಾಲು ನಿಂತಿತು. ನಾನು ಇಳಿದು ಬಂದು ಒಂದು ಮೂಲೆಯ ಕುರ್ಚಿಯಲ್ಲಿ ಕುಸಿದೆ. ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು ಒಂದು ಉಸಿರಿನಲ್ಲಿ ಹೋಗಿತ್ತು. ವಿಚಿತ್ರವೆಂದರೆ ಮನಸ್ಸು ಹಗುರವಾಗಿತ್ತು. ಪಕ್ಕದಲ್ಲಿ ಬಳೆಯ ಸದ್ದಾಯಿತು. ನೋಡಿದರೆ ಪಿಳ್ಳಮ್ಮಜ್ಜಿ. ಕುರ್ಚಿಗಳನ್ನು ಹಿಡಿದುಕೊಂಡು ಅಲ್ಲಿಯವರೆಗೂ ಬಂದಿದ್ದರು.

“ಸುಳ್ಳು ಚೆನ್ನಾಗಿ ಏಳ್ತೀಯ ಕಣಪ್ಪಾ” ಎಂದರು, ಕಿವಿಯ ಹತ್ತಿರ ಬಾಗಿ.

ನಾನು ಕನ್ನಡಕ ಸರಿಮಾಡಿಕೊಂಡು ಅವರತ್ತ ತಿರುಗಿದೆ.

“ಒಲ ಓದ ಮ್ಯಾಕೆ ನಮ್ಮೆಜಮಾನ್ರಿಗೆ ಅಲ್ಲೇ ಗುಜರಿ ಗುಡ್ಡೆ ಕಾಯೋ ಕೆಲ್ಸ ಕೊಟ್ಟಿದ್ರು. ಓಗಿ ನೋಡುದ್ರೆ ಗುಡ್ಡೆ ತುಂಬ ಇವೇ, ಊವು ಬಿದ್ದಿರೋವು. ಊವು ಬಿದ್ದಿದ್ದು ಸೋರ್ತದಂತೆ, ಕರಗಸಾಕ್ತಾರಂತೆ. ಅವತ್ತು ಸಂಜೆ ಬಂದು ಜಗಲಿ ಮ್ಯಾಲೆ ಸುಮ್ನೆ ಕುಂತವ್ರೆ. ನಾನು ಅಳ್ತಾರೇನೋ ಅಂದ್ಕೊಂಡೆ. ನಕ್ಬುಟ್ರು. ‘ಮೊದಲ್ನೇ ಫಸಲು ಕಣೇ, ವಸಿ ಜೊಳ್ಳು ಇರ್ತದೆ. ಮಗನಿಗೆ ಏಳ್ಬೇಡ, ಅವ್ನು ಊರೆಲ್ಲ ತೋರಿಸ್ಕೊಂಡು ಬಂದವ್ನೆ’ ಅಂದ್ರು. ನಾನೂ ಇವತ್ತಿನಗಂಟ ಏಳಿಲ್ಲ. ನೀನು ಮೈಕ್ ಇಡ್ಕಂಡು ನನ್ನ ಮೊಕ ನೋಡ್ದಲ್ಲ, ನಿಂಗೂ ಗೊತ್ತಾಗೈತೆ ಅಂತ ಆಗ್ಲೇ ತಿಳೀತು.”

“ಹಾಗಾದ್ರೆ ಗೊತ್ತಿದ್ದೂ ನನ್ನ ಕೈಗೆ ಯಾಕೆ ಕೊಡಿಸಿದ್ರಿ ಅಜ್ಜಿ?” ಎಂದೆ.

“ನಿನ್ನ ಮಗಳೇ ನಗ್ತಾ ನಗ್ತಾ ಏಳಿದ್ಲು, ನಮ್ಮಪ್ಪ ಕಂಡಿದ್ನೆಲ್ಲ ರಿಜೆಟ್ಟು ಮಾಡ್ತಾರೆ ಅಂತ. ನಮ್ಮುಡ್ಗ ನಾಳೆ ನಿನ್ನ ಮನೆಗೆ ಬತ್ತಾನೆ, ಓಗ್ತಾನೆ. ಯಾವ್ದೋ ಒಂದಿನ ಅವನಾಗೂ ಒಂದು ಕುಂದು ನಿನ್ನ ಕಣ್ಣಿಗೆ ಬೀಳ್ತದೆ. ಆಗ ಎಲ್ಲಾರ ಮುಂದೆ ಕೂಗಿ ಏಳೋನಾ, ಒಟ್ಟೆಗೆ ಆಕ್ಕೊಳ್ಳೋನಾ, ನೋಡಾಣ ಅಂತ.”

ಅರ್ಥವಾಯಿತು. ಈ ಇಡೀ ತಿಂಗಳು ಪರೀಕ್ಷೆಗೆ ಇಟ್ಟಿದ್ದ ಪೀಸು ವಾಲ್ವಲ್ಲ, ನಾನು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬದಲಿಗೆ ಕಣ್ಣು ತುಂಬಿ, ಕನ್ನಡಕ ಮಸುಕಾಗಿ, ವೇದಿಕೆಯ ಮೇಲಿನ ಹಸಿರು ನೀಲಿ ಕೆಂಪು ಎಲ್ಲ ಕಲಸಿಹೋದವು. ಆದರೂ ಇನ್‌ಸ್ಪೆಕ್ಟರು ಇನ್‌ಸ್ಪೆಕ್ಟರೇ. ಫಲಿತಾಂಶ ತಿಳಿಯದೆ ಎದ್ದು ಹೋಗಲು ನನ್ನಿಂದಾಗದು.

“ಮತ್ತೆ ನಾನು ಪಾಸಾ ಅಜ್ಜಿ?” ಎಂದೆ.

ಪಿಳ್ಳಮ್ಮಜ್ಜಿ ಒಂದು ಹೆಜ್ಜೆ ಹಿಂದೆ ಸರಿದು ನನ್ನನ್ನು ನೆತ್ತಿಯಿಂದ ಕಾಲಿನವರೆಗೆ ಒಮ್ಮೆ ನಿಧಾನವಾಗಿ ನೋಡಿದರು. ಸೆರಗಿನ ತುದಿಯಿಂದ ನನ್ನ ಕೆನ್ನೆ ಒರೆಸಿದರು.

“ವಸಿ ಸೋರ್ತೀಯ” ಎಂದರು. “ನಡೀತೈತೆ ಬಿಡು.”